ಮೊದಲ ರೊಟ್ಟಿ ತಿನ್ನುತ್ತಿದ್ದ ನಮ್ಮ ಸೋದರತ್ತೆ

ನಮ್ಮ ಸೋದರತ್ತೆಯಂಥ ಸ್ವಾರ್ಥಿ ಹೆಂಗಸು ಹೊನ್ನಾಳಿ ಸೀಮೆಯಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ! ಇದು ನನ್ನ ಮಾತಲ್ಲ. ನಮ್ಮ ಅವ್ವನ ಮಾತು, ಪಕ್ಕದ ಮನೆ ಗಂಗವ್ವನ ಮಾತು, ಸಭೆಯ ಹಿರಿಯರ ಮಾತು. ಅತ್ತೆಯನ್ನೇ ಕೇಳಿದ್ದರೆ ಅವಳೂ ಹೌದು ಎನ್ನುತ್ತಿದ್ದಳು. ನ್ಯಾಮತಿಯ ನಮ್ಮ ಬೀದಿಯಲ್ಲಿ ಇಷ್ಟು ಜನ ಒಮ್ಮತದಿಂದ ಒಪ್ಪಿದ ವಿಷಯ ಇನ್ನೊಂದಿರಲಿಲ್ಲ.

ಹಾಗಾದರೆ ಅವಳು ಮಾಡುತ್ತಿದ್ದ ಘೋರ ಪಾಪ ಯಾವುದು ಅಂತೀರಿ? ಹೆಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ತಾನೇ ತಿನ್ನುತ್ತಿದ್ದಳು!

ನಗಬೇಡಿ. ಈಗಿನವರಿಗೆ ಇದರ ಭಾರ ತಿಳಿಯುವುದಿಲ್ಲ. ಆ ಕಾಲದಲ್ಲಿ, ಅಂದರೆ ದೊಡ್ಡ ಯುದ್ಧ ಶುರುವಾದ ಹಿಂದುಮುಂದಿನ ವರ್ಷಗಳಲ್ಲಿ, ಮನೆಯ ಯಜಮಾನ ಉಣ್ಣಬೇಕು, ಬಂದ ನೆಂಟರು ಉಣ್ಣಬೇಕು, ಗಂಡುಹುಡುಗರು ಉಣ್ಣಬೇಕು, ಹೆಣ್ಣುಹುಡುಗಿಯರು ಉಣ್ಣಬೇಕು, ಎತ್ತಿಗೆ ಮುಸುರೆ ಹೋಗಬೇಕು, ನಾಯಿಗೂ ಒಂದು ಚೂರು ಬೀಳಬೇಕು. ಇಷ್ಟಾದ ಮೇಲೆ ಅಡುಗೆ ಮಾಡಿದವಳು ಗಡಿಗೆಯ ತಳ ಕೆರೆದು ನೋಡಬೇಕು. ಹಿಂದೂಗಳ ಮನೆಯಲ್ಲೂ ಹೀಗೇ, ಸಾಬರ ಮನೆಯಲ್ಲೂ ಹೀಗೇ. ನಾವು ನಮ್ಮ ಅಜ್ಜನ ಕಾಲದಲ್ಲಿ ಕ್ರೈಸ್ತರಾದವರು. ದೇವರನ್ನು ಬದಲಾಯಿಸಿದೆವು, ಊಟದ ಸಾಲನ್ನು ಬದಲಾಯಿಸಲಿಲ್ಲ.

ಅಂಥದರಲ್ಲಿ ನಮ್ಮತ್ತೆ, ಅದೂ ವಿಧವೆ, ಅದೂ ತಮ್ಮನ ಮನೆಯ ಪಕ್ಕದಲ್ಲಿ ಗುಡಿಸಲು ಹಾಕಿಕೊಂಡು ಒಂದು ಎಮ್ಮೆ ಸಾಕಿ ಬದುಕುವವಳು, ಒಲೆಯ ಮುಂದೆ ಚಕ್ಕಳಮಕ್ಕಳ ಕೂತು, ಉಬ್ಬಿದ ಜೋಳದ ರೊಟ್ಟಿಗೆ ಬೆಣ್ಣೆ ಸವರಿ, ಕಣ್ಣು ಮುಚ್ಚಿ ದೇವರಿಗೆ ಸ್ತೋತ್ರ ಹೇಳಿ, ಹಾಯಾಗಿ ತಿನ್ನುವಳು! ನಮ್ಮವ್ವನಿಗೆ ಎದೆ ಉರಿದುಹೋಗುತ್ತಿತ್ತು. ಗಂಡನ ಅಕ್ಕ, ಬೈಯುವ ಹಾಗಿಲ್ಲ, ಸುಮ್ಮನಿರುವ ಹಾಗೂ ಇಲ್ಲ.

“ಅಕ್ಕಾ, ಗಂಡಸ್ರು ಇನ್ನೂ ಹೊಲದಿಂದ ಬಂದಿಲ್ಲ. ನಿಮ್ಮ ಬಾಯಾಗೆ ಆಗ್ಲೇ ರೊಟ್ಟಿ!”

“ಅವರ ಬಾಯಿ ಹೊಲದಾಗೈತೆ. ನನ್ನ ಬಾಯಿ ಇಲ್ಲೇ ಐತೆ. ನಾನೇನ್ ಮಾಡ್ಲಿ?”

“ನೋಡಿದೋರು ಏನಂತಾರೆ?”

“ರೊಟ್ಟಿ ಚೆನ್ನಾಗೈತಾ ಅಂತಾರೆ. ಚೆನ್ನಾಗೈತೆ ಅಂತೀನಿ.”

ಆದರೆ ನೋಡಿ, ಅಲ್ಲಿಗೇ ಮುಗಿಯುತ್ತಿರಲಿಲ್ಲ. ಎರಡನೆಯ ರೊಟ್ಟಿ, ಅದೇ ಅಗಲದ್ದು, ಅಷ್ಟೇ ಬೆಣ್ಣೆಯದ್ದು, ಆ ಹೊತ್ತಿಗೆ ಹತ್ತಿರ ಯಾರು ಸಿಕ್ಕುತ್ತಾರೋ ಅವರಿಗೆ. ಅವರು ಬೇಡ ಎಂದರೆ ಕೇಳುತ್ತಿರಲಿಲ್ಲ. ಬಳೆಗಾರ ಸಿಕ್ಕಿದರೆ ಬಳೆಗಾರನಿಗೆ, ಅವ್ವ ಸಿಕ್ಕಿದರೆ ಅವ್ವನಿಗೆ, ಹಿಂದಿನ ದಿನವಷ್ಟೇ ನೀರಿಗಾಗಿ ಜುಟ್ಟು ಹಿಡಿದು ಜಗಳವಾಡಿದ ಗಂಗವ್ವ ಸಿಕ್ಕಿದರೆ ಗಂಗವ್ವನಿಗೆ. ಪಕ್ಕದವರನ್ನು ನಿನ್ನ ಹಾಗೆಯೇ ನೋಡಿಕೋ ಎಂದು ದೇವರು ಆಜ್ಞೆ ಕೊಟ್ಟಿದ್ದಾನೆ ಎಂಬುದನ್ನು ನಾವೆಲ್ಲ ಪ್ರತಿ ಭಾನುವಾರ ಕೇಳುತ್ತಿದ್ದೆವು. ನಮ್ಮ ಕಿವಿಗೆ ಬೀಳುತ್ತಿದ್ದದ್ದು ಪಕ್ಕದವರು ಎಂಬುದಷ್ಟೇ. ಅತ್ತೆ ಹಿಡಿದುಕೊಂಡದ್ದು ಮಾತಿನ ಇನ್ನೊಂದು ತುದಿಯನ್ನು.

“ನನ್ನಂಗೇ ನೋಡ್ಕಬೇಕು ಅಂದ್ರೆ, ಮೊದ್ಲು ನನ್ನ ಹೆಂಗೆ ನೋಡ್ಕಂತೀನಿ ಅನ್ನೋದು ತಿಳೀಬೇಕಲ್ಲ? ಅಳೆಯೋ ಸೇರಿನ ತಳಾನೇ ಕಿತ್ತೋಗಿದ್ರೆ, ಪಕ್ಕದೋಳಿಗೆ ಅಳೆದು ಕೊಡೋದು ಏನನ್ನ?”

ಕೇಳಲು ಚೆನ್ನಾಗಿದೆ. ಆದರೆ ಇಂಥವಳ ಪಕ್ಕದ ಮನೆಯಲ್ಲಿ ಬದುಕುವುದು ಹೇಗೆಂದು ಗಂಗವ್ವನನ್ನು ಕೇಳಬೇಕಿತ್ತು. ತನಗೆ ಮಾಡಿಕೊಂಡದ್ದನ್ನೆಲ್ಲ ಪಕ್ಕದವರಿಗೂ ಮಾಡಬೇಕಲ್ಲ? ಅತ್ತೆ ಬೇಸಿಗೆ ಬಂದಾಗ ಹೊಟ್ಟೆ ತೊಳೆಯಲಿ ಎಂದು ಹರಳೆಣ್ಣೆ ಕುಡಿಯುವಳು. ಕುಡಿದವಳೇ ಅಷ್ಟೇ ದೊಡ್ಡ ಬಟ್ಟಲು ತುಂಬಿಸಿಕೊಂಡು ಗಂಗವ್ವನ ಬಾಗಿಲಿಗೆ ಹೋಗುವಳು. ಗಂಗವ್ವ ಒಳಗಿಂದ ಅಗುಳಿ ಹಾಕಿಕೊಳ್ಳುವಳು.

“ಬಾಗ್ಲು ತೆಗಿ ಗಂಗಿ! ನಂಗೆ ಬೇಕಾದ್ದು ನಿಂಗೂ ಬೇಕು!”

“ನಿಮ್ಮ ದೇವ್ರ ಪ್ರೀತಿ ನಿಮ್ಮ ಹೊಟ್ಟ್ಯಾಗೇ ಇರ್ಲಿ ಕಣೆ ತಾಯಿ! ನಂದು ನೆಟ್ಟಗೈತೆ!”

“ಇವತ್ತು ನೆಟ್ಟಗೈತೆ. ನಾಳೆ?”

ಗಂಗವ್ವ ಊರಿನ ಸೂಲಗಿತ್ತಿ. ಎಂಥೆಂಥ ಹೆರಿಗೆಗೂ ಹೆದರದವಳು. ಅವಳು ಜೀವನದಲ್ಲಿ ಹಿತ್ತಿಲ ಬೇಲಿ ಹಾರಿ ಓಡಿದ್ದು ಆ ಬಟ್ಟಲಿಗೆ ಹೆದರಿ ಮಾತ್ರ!

ಇನ್ನೊಂದು ವಿಚಿತ್ರ ಹೇಳಿಬಿಡುತ್ತೇನೆ. ಅತ್ತೆ ತನ್ನನ್ನು ತಾನು ಬಹುವಚನದಲ್ಲಿ ಮಾತನಾಡಿಸಿಕೊಳ್ಳುತ್ತಿದ್ದಳು. ಬೆಳಗ್ಗೆ ಗುಡಿಸಲೊಳಗಿಂದ ಕೇಳಿಸುವುದು: “ಏಳ್ರಿ, ಹೊತ್ತು ಹುಟ್ತು. ಎಮ್ಮೆ ಕೂಗ್ತೈತೆ, ಎಷ್ಟು ಮಲಗ್ತೀರಿ?” ಆಮೇಲೆ ಅದೇ ಗಂಟಲು: “ಎದ್ದೆ ತಡೀರಿ, ಸೊಂಟ ಹಿಡ್ಕಂಡೈತೆ.” ನಾನು ಒಮ್ಮೆ ಕೇಳಿಯೇಬಿಟ್ಟೆ, ಇದೇನು ಅತ್ತೆ ನಿನ್ನ ಹುಚ್ಚು ಎಂದು. ಅವಳಿಗೆ ನಾಚಿಕೆಯೇ ಇಲ್ಲ. “ದೇವ್ರು ನನ್ನ ಮಗಳು ಅಂತ ಕರೆದಾನೆ. ಸಾಹುಕಾರನ ಮಗಳನ್ನ ಲೇ ಅಂತೀಯಾ? ಹಂಗಾದ್ರೆ ದೇವ್ರ ಮಗಳನ್ನ ನಾನ್ ಯಾಕೆ ಲೇ ಅನ್ಲಿ?” ಎಂದಳು.

ಕಂದಾಯದ ಶಾನುಭೋಗರು ಒಮ್ಮೆ ಗುಡಿಸಲ ಮುಂದೆ ನಿಂತು ಒಳಗಿನ ಈ ಸಂಭಾಷಣೆ ಕೇಳಿ, ಯಾರೋ ದೊಡ್ಡ ಮನುಷ್ಯರು ಬಂದಿರಬೇಕೆಂದು ಮೆಟ್ಟು ಬಿಟ್ಟು, ಪೇಟ ಸರಿಮಾಡಿಕೊಂಡು, ಬಹಳ ವಿನಯದಿಂದ, “ಯಜಮಾನ್ರು ಒಳಗಿದಾರಾ?” ಎಂದರು.

ಅತ್ತೆ ಬಾಗಿಲಿಗೆ ಬಂದು, “ಇದಾರೆ,” ಎಂದಳು. “ನಾನೇ.”

ಹೀಗೆ ಅತ್ತೆ ತನ್ನ ಪಾಡಿಗೆ ತಾನು ಸುಖವಾಗಿ ಸ್ವಾರ್ಥ ಮಾಡಿಕೊಂಡು ಇದ್ದಾಗ ನಮ್ಮ ಸಭೆಗೆ, ಅಂದರೆ ಊರಿನ ಕ್ರೈಸ್ತರ ಕೂಟಕ್ಕೆ, ಹೊಸ ಉಪದೇಶಿ ಬಂದರು. ಪ್ರಾರ್ಥನಾಮಂದಿರ ಎಂದರೆ ದೊಡ್ಡದೇನೂ ಅಲ್ಲ. ಮಣ್ಣಿನ ಗೋಡೆ, ನಾಡಹೆಂಚು, ಮುಂದೆ ಅಂಗಳ, ಅಂಗಳದಲ್ಲಿ ಬೇವಿನ ಮರ. ಉಪದೇಶಿಗೆ ಅದರ ಹಿಂದೆಯೇ ಎರಡು ಅಂಕಣದ ಮನೆ. ಮನುಷ್ಯ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚಳಿಯಲ್ಲಿ ನಡುಗುವವನನ್ನು ಕಂಡರೆ ಹೊದ್ದ ಕಂಬಳಿ ಬಿಚ್ಚಿ ಕೊಡುವವರು. ಆದರೆ ಅವರದು ಒಂದೇ ಪಾಠ. ಯಾವ ಕಥೆ ಹಿಡಿದರೂ ಅಲ್ಲಿಗೇ ತಂದು ನಿಲ್ಲಿಸುವರು: ನಾನು ಎಂಬುದನ್ನು ಕೊಲ್ಲಬೇಕು. ನಾನು ಏನೂ ಅಲ್ಲ, ನಾನು ಧೂಳು, ನಾನು ಕಸ. ನಾನು ಸತ್ತಲ್ಲಿ ದೇವರು ಹುಟ್ಟುತ್ತಾನೆ. ಗಂಡಸರೆಲ್ಲ ಆಹಾ ಎಂದು ತಲೆಯಾಡಿಸಿ ಕೇಳಿ, ಮನೆಗೆ ಹೋಗಿ ಧೂಳಿಗೆ ಬಿಸಿ ಮುದ್ದೆ ಹಾಕು ಎಂದು ಹೆಂಡತಿಗೆ ಹೇಳುವರು.

ಇಡೀ ಸಭೆಯಲ್ಲಿ ಆ ಪಾಠವನ್ನು ನಿಜಕ್ಕೂ ನಂಬಿದವಳು ಒಬ್ಬಳೇ. ಉಪದೇಶಿಯ ಹೆಂಡತಿ ಸುಗುಣ.

ಜಗಳೂರಿನ ಹುಡುಗಿ. ನನಗಿಂತ ಒಂದೆರಡು ವರ್ಷ ಚಿಕ್ಕವಳು. ನಾನು ಆಗಲೇ ಮದುವೆಯಾಗಿ ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಸಂಸಾರ ಮಾಡುತ್ತಿದ್ದೆ. ಅವಳು ನಡೆದರೆ ಸಪ್ಪಳವಿಲ್ಲ, ಮಾತಾಡಿದರೆ ದನಿಯಿಲ್ಲ. ಗಂಡ ಉಂಡು, ಗಂಡ ಕರೆತಂದ ಭಿಕ್ಷುಕ ಉಂಡು, ಭಿಕ್ಷುಕನ ಜೊತೆ ಬಂದವನೂ ಉಂಡ ಮೇಲೆ, ಮಿಕ್ಕರೆ ತಿನ್ನುವಳು. ಮಿಕ್ಕದಿದ್ದರೆ ನೀರು ಕುಡಿದು ಸ್ತೋತ್ರ ಹೇಳುವಳು. ಎರಡು ಕೂಸು ಹೆತ್ತಿದ್ದಳು. ಎರಡೂ ಹುಟ್ಟಿ, ಸರಿಯಾಗಿ ಅಳುವುದಕ್ಕೂ ಶಕ್ತಿಯಿಲ್ಲದೆ ಹೋಗಿದ್ದವು. ನಮ್ಮೂರಿಗೆ ಬಂದಾಗ ಮೂರನೆಯದು ಹೊಟ್ಟೆಯಲ್ಲಿತ್ತು. ಗಂಗವ್ವ ಅವಳ ಹೊಟ್ಟೆ ಮುಟ್ಟಿ ನೋಡಿ ಹೊರಗೆ ಬಂದು, ಅತ್ತೆಯ ಹತ್ತಿರ ಸುತ್ತುಬಳಸದೆ ಹೇಳಿದಳು: “ಇವಳು ಹಿಂಗೇ ಇದ್ರೆ ಈ ಸಲ ಕೂಸಿನ ಜೊತಿಗೆ ತಾಯಿನೂ ಹೋಗ್ತಾಳೆ.”

ಅಲ್ಲಿಂದ ಅತ್ತೆಗೆ ನಿದ್ದೆಯಿಲ್ಲ.

ಮೊದಲು ರೊಟ್ಟಿ ಕಟ್ಟಿಕೊಂಡು ಹೋದಳು. ಸುಗುಣ ಸಂತೋಷದಿಂದ ಇಸಕೊಂಡಳು, ಜಗಲಿಯಲ್ಲಿ ಕೂತಿದ್ದ ಕುರುಡ ಮುದುಕನಿಗೆ ಕೊಟ್ಟಳು. ಅತ್ತೆ ಎರಡು ಪಾಲು ಕಟ್ಟಿಕೊಂಡು ಹೋದಳು. ಮುದುಕ ತನ್ನ ತಮ್ಮನನ್ನು ಕರೆತಂದ. ಅತ್ತೆ ಎದುರಿಗೆ ಕೂತು ತಿನಿಸಲು ನೋಡಿದಳು. ಸುಗುಣ ಕೈ ಮುಗಿದುಬಿಟ್ಟಳು.

“ಬ್ಯಾಡಿ ಅತ್ತೆ. ನಾನು ಏನೂ ಅಲ್ಲ. ದೇವರೇ ಎಲ್ಲ.”

“ಏನೂ ಅಲ್ಲವಾ? ಹಂಗಾದ್ರೆ ಸ್ವಾಮಿ ಶಿಲುಬೆ ಹೊತ್ತಿದ್ದು ಯಾರಿಗೆ? ಏನೂ ಅಲ್ಲದ್ದಕ್ಕೆ ಪ್ರಾಣ ಕೊಡಾಕೆ ಅವನಿಗೇನು ತಲೆ ಕೆಟ್ಟಿತ್ತೇನೆ?”

ಸುಗುಣ ಗಾಬರಿಯಾಗಿ ಅಳತೊಡಗಿದಳು. ಅತ್ತೆಗೆ ಅಳುವವರನ್ನು ಕಂಡರೆ ಆಗದು. ಎದ್ದು ನೇರ ಉಪದೇಶಿಯ ಹತ್ತಿರ ಹೋದಳು. ಅವರು ಬೇವಿನ ಮರದಡಿ ಕೂತು ಭಾನುವಾರದ ಪಾಠ ಸಿದ್ಧ ಮಾಡಿಕೊಳ್ಳುತ್ತಿದ್ದರು. ಯಾವ ಪಾಠ ಎಂದು ಹೇಳಬೇಕಾಗಿಲ್ಲವಷ್ಟೆ.

“ಉಪದೇಶಿಗಳೇ, ನಾನು ಅನ್ನೋದು ಸತ್ರೆ, ದೇವ್ರು ಪ್ರೀತಿ ಮಾಡೋದು ಯಾರನ್ನ? ಖಾಲಿ ಮನೇನಾ?”

ಅವರು ನಕ್ಕರು. “ಅತ್ತೆಮ್ಮಾ, ನಾನು ಕೊಲ್ಲು ಅಂದದ್ದು ಅಹಂಕಾರವನ್ನ.”

“ಅಹಂಕಾರ ಬ್ಯಾರೆ, ನಾನು ಬ್ಯಾರೆ ಕಣ್ರಿ. ಪಕ್ಕದೋಳ ಎಲೆ ಕಿತ್ಕಂಡು ತಿಂದ್ರೆ ಅಹಂಕಾರ. ನನ್ನ ಎಲೆ ಮುಂದೆ ನಾನು ಕೂತ್ರೆ ಅದು ಬರೀ ಹಸಿವು.”

“ಸ್ವಾಮಿ ತನ್ನನ್ನೇ ಕೊಟ್ಟುಬಿಟ್ಟನಲ್ಲಮ್ಮಾ? ಅವನು ತನ್ನ ಹಸಿವು ನೋಡಿಕೊಂಡನಾ?”

ಸುಲಭದ ಮಾತಲ್ಲ ಅದು. ನಾನೂ ಪಕ್ಕದಲ್ಲಿದ್ದೆ, ಅತ್ತೆ ಸೋತಳು ಎಂದೇ ತಿಳಿದೆ. ಅವಳು ಅವರೆದುರಿಗೇ ನೆಲದ ಮೇಲೆ ಕೂತು ಹೇಳಿದಳು.

“ಕೊಟ್ಟ. ತಾನಾಗೇ ಕೊಟ್ಟ. ಯಾರೂ ಕಿತ್ಕಳ್ಳಲಿಲ್ಲ. ಅದಕ್ಕೆ ಮುಂಚೆ ಕರೆದೋರ ಮನೇಲೆಲ್ಲ ಉಂಡ. ನಿದ್ದೆ ಬಂತು ಅಂದ್ರೆ ದೋಣ್ಯಾಗೆ ದಿಂಬು ಹಾಕ್ಕಂಡು ಮಲಗ್ದ, ಬಿರುಗಾಳಿ ಬಂದ್ರೂ ಏಳ್ಲಿಲ್ಲ! ತನ್ನತ್ರ ತಾನಿದ್ದ, ಅದಕ್ಕೇ ಕೊಟ್ಟ. ಸುಗುಣನ ಹತ್ರ ಸುಗುಣನೇ ಇಲ್ಲ. ಅವಳು ಕೊಡೋದೇನು ಬಂತು?”

ಉಪದೇಶಿ ಪುಸ್ತಕ ಮುಚ್ಚಿ, ಪ್ರಾರ್ಥಿಸೋಣ ಅಮ್ಮಾ ಎಂದರು. ಉತ್ತರ ಹೊಳೆಯದಾಗ ಅವರು ಪ್ರಾರ್ಥಿಸೋಣ ಎನ್ನುವರು ಎಂಬುದು ನಮಗೆಲ್ಲ ಅಷ್ಟು ಹೊತ್ತಿಗೆ ಗೊತ್ತಾಗಿತ್ತು.

ಅವರ ಪ್ರಾರ್ಥನೆಯ ವಿಷಯ ಹೇಳಲೇಬೇಕು. ಇಡೀ ಸೀಮೆಯಲ್ಲಿ ಅಷ್ಟು ಉದ್ದದ ಪ್ರಾರ್ಥನೆ ಮಾಡುವವರಿರಲಿಲ್ಲ. ಲೋಕ ಸೃಷ್ಟಿಯಾದಲ್ಲಿಂದ ಶುರುಮಾಡುವರು. ಜಲಪ್ರಳಯ ಇಳಿದು ನೆಲ ಕಾಣುವ ಹೊತ್ತಿಗೆ ಒಲೆಯ ಮೇಲಿನ ಸಾರು ಒಂದು ಹದಕ್ಕೆ ಬಂದಿರುವುದು. ಕಣ್ಣು ಗಟ್ಟಿಯಾಗಿ ಮುಚ್ಚುವರು, ಸಭೆಯವರೂ ಮುಚ್ಚಬೇಕು. ಮುದುಕರು ನಿಂತಲ್ಲೇ ಒಂದು ನಿದ್ದೆ ತೆಗೆಯುವರು. ಇದನ್ನು ನಾವೆಲ್ಲ ಕಷ್ಟ ಎಂದುಕೊಂಡಿದ್ದೆವು. ಅತ್ತೆಗೆ ಅದರಲ್ಲಿ ಉಪಯೋಗ ಕಂಡಿತು!

ಸುಗ್ಗಿಯ ಹಬ್ಬ ಬಂತು. ಬೆಳೆ ಮನೆಗೆ ಬಂದ ಮೇಲೆ ಸಭೆಯವರೆಲ್ಲ ಸೇರಿ ದೇವರಿಗೆ ವಂದನೆ ಹೇಳಿ ಒಟ್ಟಿಗೆ ಊಟ ಮಾಡುವ ದಿನ. ಪ್ರೀತಿಭೋಜನ ಎಂದು ಹೆಸರು. ಹೊನ್ನಾಳಿಯವರು, ಗೋವಿನಕೋವಿಯವರು, ಚನ್ನಗಿರಿಯ ಕಡೆಯವರು ಗಾಡಿ ಕಟ್ಟಿಕೊಂಡು ಬಂದಿದ್ದರು. ಕುರಿ ಕಡಿದಾಗಿತ್ತು. ನಾವು ಹೆಂಗಸರು ಕೋಳಿ ಕೂಗುವ ಮುಂಚೆಯೇ ಎದ್ದು ಮಸಾಲೆ ಅರೆದು, ಒಲೆ ಊದಿ, ಹೊಗೆ ಕುಡಿದು, ಅನ್ನ ಬಸಿದು ಮುಗಿಸಿದ್ದೆವು. ಅಂಗಳದಲ್ಲಿ ಎರಡು ಸಾಲು ಮುತ್ತುಗದೆಲೆ ಹಾಕಿತ್ತು. ಪ್ರೀತಿಭೋಜನ ಎಂದರೂ ಮೊದಲ ಪಂಕ್ತಿ ಗಂಡಸರದೇ. ಆಮೇಲೆ ಮಕ್ಕಳು. ನಾವು ಕೊನೆ. ಕೊನೆಯ ಪಂಕ್ತಿಗೆ ಪ್ರೀತಿ ಮಾತ್ರ ಉಳಿದಿರುತ್ತಿತ್ತು, ಬಾಡು ಉಳಿದಿರುತ್ತಿರಲಿಲ್ಲ.

ಗಂಡಸರೆಲ್ಲ ಕೈಕಾಲು ತೊಳೆದು ಬೇವಿನ ಮರದಡಿ, ಎಲೆಗಳಿಗೆ ಬೆನ್ನು ಮಾಡಿ, ಉಪದೇಶಿಯ ಕಡೆ ಮುಖ ಮಾಡಿ ನಿಂತರು. ಪ್ರಾರ್ಥನೆ ಶುರುವಾಯಿತು. ಕಣ್ಣುಗಳು ಮುಚ್ಚಿದವು. ಲೋಕ ಇನ್ನೂ ಕತ್ತಲಾಗಿಯೇ ಇತ್ತು, ಅಷ್ಟರಲ್ಲಿ ಯಾರೋ ನನ್ನ ರಟ್ಟೆ ಹಿಡಿದು ಎಳೆದರು. ಅತ್ತೆ! ಕೈಯಲ್ಲಿದ್ದ ಸೌಟನ್ನು ಕಿತ್ತು ಪಕ್ಕಕ್ಕಿಟ್ಟು, ನನ್ನನ್ನು ನಡೆಸಿಕೊಂಡು ಹೋಗಿ ಒಂದು ಎಲೆಯ ಮುಂದೆ ಕೂರಿಸಿದಳು. ಏನು ಎಂದು ಕೇಳುವಂತಿಲ್ಲ, ಪ್ರಾರ್ಥನೆ ನಡೆಯುತ್ತಿದೆ! ಮತ್ತೆ ಹೋದಳು, ನಮ್ಮವ್ವನನ್ನು ತಂದಳು. ಅವ್ವನ ಕಣ್ಣು ಹೊರಗೆ ಬಂದಿತ್ತು, ಬಾಯಿ ಮಾತ್ರ ಬಿಗಿದುಕೊಂಡಿತ್ತು. ಹೊನ್ನಾಳಿಯವರನ್ನು ತಂದಳು. ಗೋವಿನಕೋವಿಯ ಮುದುಕಿ ಒಬ್ಬಳು ತಾನಾಗಿಯೇ ಸೀರೆ ಎತ್ತಿಕಟ್ಟಿ ಓಡಿಬಂದು ಕೂತಳು. ಕೊನೆಗೆ ಸುಗುಣ. ಅವಳು ಜಗಲಿಯ ಕಂಬ ಹಿಡಿದುಕೊಂಡಳು, ಬಿಡಲೊಲ್ಲಳು. ಆದರೆ ದೇವರೊಡನೆ ಮಾತಾಡುತ್ತಿರುವ ಗಂಡನ ಪ್ರಾರ್ಥನೆಯ ನಡುವೆ ಕೂಗಲು ಅವಳಿಂದಾದೀತೆ? ಅತ್ತೆ ಒಂದೊಂದೇ ಬೆರಳು ಬಿಡಿಸಿ, ಎತ್ತಿಕೊಂಡೇ ಬಂದಳೋ ಎಂಬಂತೆ ತಂದು ಕೂರಿಸಿದಳು. ಆಮೇಲೆ ಸಾಲಿನ ತಲೆಯ ಎಲೆಗೆ ಹೋಗಿ ತಾನು ಚಕ್ಕಳಮಕ್ಕಳ ಹಾಕಿದಳು.

“ಆಮೆನ್,” ಎಂದರು ಉಪದೇಶಿ.

“ಆಮೆನ್!” ಎಂದಳು ಅತ್ತೆ, ಎಲ್ಲರಿಗಿಂತ ಜೋರಾಗಿ.

ಗಂಡಸರು ತಿರುಗಿದರು. ಎಲೆ ಎಲೆಯ ಮುಂದೆಯೂ ಒಬ್ಬೊಬ್ಬ ಹೆಂಗಸು!

ನಮ್ಮ ಸೀಮೆಯ ಕಟ್ಟುಪಾಡು ಗೊತ್ತಲ್ಲ? ಎಲೆಯ ಮುಂದೆ ಕೂತವರನ್ನು, ಅದರಲ್ಲೂ ಊಟಕ್ಕೆ ಆಶೀರ್ವಾದ ಆದ ಮೇಲೆ, ಎಬ್ಬಿಸುವುದು ಯಾವ ಜಾತಿಯವನೂ ಮಾಡದ ಕೆಲಸ. ಅದಕ್ಕಿಂತ ದೊಡ್ಡ ಅವಮಾನ, ದೊಡ್ಡ ಪಾಪ ಬೇರೆಯಿಲ್ಲ. ಚನ್ನಗಿರಿಯ ಹಿರಿಯರೊಬ್ಬರಿಗೆ ಕಿವಿಯವರೆಗೂ ಮೀಸೆ. ಆ ಮೀಸೆ ನಡುಗತೊಡಗಿತು.

“ಇದೇನಿದು ಅನ್ಯಾಯ? ಈಗ ಬಡಿಸೋರು ಯಾರು?”

“ಕೈ ತೊಳ್ದೀರಲ್ಲ?” ಎಂದಳು ಅತ್ತೆ. “ಅನ್ನದ ಗೂಡೆ ಅಗೋ, ಅಲ್ಲೈತೆ.”

“ನಾನಾ? ನಾನು ಬಡಿಸ್ಬೇಕಾ? ನಾನು ಹಿರಿಯ!”

“ಹಿರಿಯರು ಏನೂ ಅಲ್ಲ, ಧೂಳು ಅಂತ ಹೋದ ಭಾನುವಾರ ಇಲ್ಲಿಗೆ ಬಂದಾಗ ನೀವೇ ಹೇಳಿ ಕಣ್ಣೀರು ಹಾಕಿದ್ರಿ. ಧೂಳಿಗೆ ಸೌಟು ಹಿಡಿಯಾಕೆ ಏನ್ರಿ ಕಷ್ಟ?”

ನಗು ಯಾರದು ಮೊದಲು ಹೊರಬಿತ್ತೋ ತಿಳಿಯದು. ನಮ್ಮವ್ವನದೇ ಇರಬೇಕು! ಒಬ್ಬರು ನಕ್ಕದ್ದೇ ತಡ, ಸಾಲು ಪೂರ್ತಿ ನಕ್ಕಿತು. ಗಂಡಸರು ಸೌಟು ಹಿಡಿದರು. ಅನ್ನ ಬಡಿಸಲು ಬಾರದವರು ಗುಡ್ಡೆ ಹಾಕಿದರು, ಸಾರು ಬಡಿಸುವವರು ಸೀರೆಗೆ ಬಡಿಸಿದರು. ನನ್ನ ಎಲೆಗೆ ಬಂದ ಸಾರಿನಿಂದ ಹಬೆ ಏಳುತ್ತಿತ್ತು. ಹಬ್ಬದ ಊಟದಲ್ಲಿ ಹಬೆ ಏಳುವ ಸಾರನ್ನು ನಾನು ಮಾಡಿದ್ದು ಎಷ್ಟೋ ಸಲ, ಉಂಡದ್ದು ಅದೇ ಮೊದಲು. ರುಚಿ ಹೇಗಿತ್ತು ಎನ್ನುತ್ತೀರಾ? ನಾಲಿಗೆ ಸುಟ್ಟುಕೊಂಡೆ. ಬಹಳ ಚೆನ್ನಾಗಿತ್ತು!

ಆದರೆ ಸುಗುಣ ಎಲೆ ಮುಟ್ಟಲಿಲ್ಲ.

ಪಂಕ್ತಿಯ ಇನ್ನೊಂದು ಕಟ್ಟು ಏನೆಂದರೆ, ಸಾಲಿನಲ್ಲಿ ಎಲ್ಲರದೂ ಮುಗಿಯುವ ತನಕ ಯಾರೂ ಏಳಬಾರದು. ನಾವೆಲ್ಲ ಉಂಡು ಮುಗಿಸಿ, ಕೈ ಎಲೆಯ ಮೇಲಿಟ್ಟುಕೊಂಡು ಕೂತೆವು. ಅವಳು ತಲೆ ತಗ್ಗಿಸಿ, ಎರಡು ಕೈಯನ್ನೂ ತೊಡೆಯ ಮಧ್ಯೆ ಅಡಗಿಸಿಕೊಂಡು ಕೂತಿದ್ದಳು. ನಗು ನಿಂತಿತು. ಹಸಿದ ಗಂಡಸರೂ ಸೌಟು ಹಿಡಿದು ನಿಂತಲ್ಲೇ ನಿಂತರು. ಅವಳ ಮಣಿಕಟ್ಟು ಕಾಣುತ್ತಿತ್ತು. ಬಳೆ ಮೊಣಕೈಯವರೆಗೂ ಜಾರುವಷ್ಟು ಸಣ್ಣ. ಎಲ್ಲರಿಗೂ ಗೊತ್ತಿದ್ದದ್ದೇ. ಎದುರಿಗೆ, ಬಿಸಿಲಲ್ಲಿ, ಅನ್ನದ ಮುಂದೆ ಕೂರಿಸಿದಾಗ ಮಾತ್ರ ಕಂಡಿತು.

ಅತ್ತೆ ತಲೆಯೆತ್ತಿ ಉಪದೇಶಿಯನ್ನು ನೋಡಿದಳು, ಅಷ್ಟೇ.

ಅವರು ಬಾಡಿನ ಸಾರಿನ ಬಕೆಟ್ಟು ಹಿಡಿದುಕೊಂಡು ಹೆಂಡತಿಯ ಎಲೆಯ ಮುಂದೆ ನಿಂತಿದ್ದರು. ಪ್ರಾರ್ಥಿಸೋಣ ಎನ್ನುತ್ತಾರೆ ಎಂದು ನಾನು ಕಾದೆ. ಅನ್ನಲಿಲ್ಲ. ಬಕೆಟ್ಟು ಕೆಳಗಿಟ್ಟು, ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು.

“ಸುಗುಣ, ನಿಂಗೆ ಏನ್ ಬೇಕು?”

ಅವಳು ತಲೆಯೆತ್ತಿ ಹಿಂದೆ ಮುಂದೆ ನೋಡಿದಳು, ಬೇರೆ ಯಾರನ್ನೋ ಕೇಳಿದರೇನೋ ಎಂಬಂತೆ.

“ನಿಮಗೆ ಹೆಂಗೆ ಸರಿ ಕಾಣ್ತದೋ…”

“ನಂಗಲ್ಲ. ನಿಂಗೆ. ಏನ್ ತಿನ್ನಬೇಕು ಅನ್ನಿಸ್ತೈತೆ?”

ಎಷ್ಟು ಹೊತ್ತು ಕಾದೆವೋ. ಅವಳ ತುಟಿ ಅಲ್ಲಾಡುವುದು, ನಿಲ್ಲುವುದು. ಒಂದು ಮಾತು ಒಳಗೆ ಎಲ್ಲೋ ಸಿಕ್ಕಿಕೊಂಡಿತ್ತು. ಅದನ್ನು ಹೊರಗೆ ಎಳೆಯಲು ಅವಳಿಗೆ ಅಭ್ಯಾಸವಿಲ್ಲ. ಕೊನೆಗೆ, ಹತ್ತಿರ ಕೂತ ನಮಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು:

“ನನಗೆ… ನನಗೆ ಉಪ್ಪಿನಕಾಯಿ ಬೇಕು.”

“ಉಪ್ಪಿನಕಾಯಿ!” ಎಂದು ಉಪದೇಶಿ ಎದ್ದು ಕೂಗಿದ ಕೂಗಿಗೆ ಬೇವಿನ ಮರದ ಕಾಗೆಗಳು ಹಾರಿದವು. “ಉಪ್ಪಿನಕಾಯಿ ತರ್ರಿ! ನನ್ನ ಹೆಂಡ್ತಿಗೆ ಉಪ್ಪಿನಕಾಯಿ ಬೇಕಂತೆ!”

ಮೀಸೆಯ ಹಿರಿಯರೇ ಓಡಿದರು! ಜಾಡಿಯನ್ನೇ ಅಪ್ಪಿಕೊಂಡು ಓಡಿಬಂದರು! ಮಾವಿನಕಾಯಿಯ ದಪ್ಪ ಹೋಳು ಎಲೆಗೆ ಬಿತ್ತು. ಸುಗುಣ ಅದನ್ನು ಬಾಯಿಗಿಟ್ಟು ಕಣ್ಣು ಕಿವುಚಿದಳು. ಆಮೇಲೆ ಅನ್ನ ಕಲಸಿದಳು. ಒಂದು ತುತ್ತು, ಇನ್ನೊಂದು ತುತ್ತು. ಸಾರು ಎಂದಳು, ಬಂತು. ಮೂಳೆ ಎಂದಳು, ಬಂತು! ಗೋವಿನಕೋವಿಯ ಮುದುಕಿ ಕೈ ಎತ್ತಿ ಸ್ತೋತ್ರ ಎಂದು ಕೂಗಿದಳು. ಸಾಲಿಗೆ ಸಾಲೇ ಕೂಗಿತು. ನಾನು ಎಷ್ಟೋ ಹಬ್ಬದ ಆರಾಧನೆ ನೋಡಿದ್ದೇನೆ. ಉಪ್ಪಿನಕಾಯಿಗೆ ಅಷ್ಟು ದೊಡ್ಡ ಹಲ್ಲೆಲೂಯ ಕೇಳಿಲ್ಲ.

ಆ ದಿನ ಗಂಡಸರು ಕೊನೆಯ ಪಂಕ್ತಿಯಲ್ಲಿ ಉಂಡರು. ಚನ್ನಗಿರಿಯ ಹಿರಿಯರು ಒಂದು ತುತ್ತು ತಿಂದು ಮುಖ ಹುಳಿ ಮಾಡಿ, “ಸಾರು ತಣ್ಣಗಾಗೈತಲ್ಲ?” ಎಂದರು.

ಅವರ ಹೆಂಡತಿ ಬಡಿಸುತ್ತಿದ್ದವರು, ಅಷ್ಟು ವರ್ಷದಲ್ಲಿ ಗಂಡನಿಗೆ ಎದುರು ಮಾತಾಡಿದವರಲ್ಲ. “ಹೌದ್ರಿ,” ಎಂದರು, “ಕೊನೇ ಪಂಕ್ತ್ಯಾಗೆ ಅದು ಯಾವಾಗ್ಲೂ ಹಂಗೇ ಇರ್ತೈತೆ. ನಿಮಗೆ ಯಾರೂ ಹೇಳಿರ್ಲಿಲ್ಲ ಅನ್ನಿಸ್ತದೆ.”

ಮುಂದಿನ ವರ್ಷದಿಂದ ನಮ್ಮ ಸಭೆಯಲ್ಲಿ ಗಂಡಸರೊಂದು ಸಾಲು, ಹೆಂಗಸರೊಂದು ಸಾಲು, ಒಂದೇ ಹೊತ್ತಿಗೆ ಕೂರುವ ಪದ್ಧತಿ ಆಯಿತು. ಬಡಿಸುವುದು ಸರದಿಯ ಮೇಲೆ. ಇದನ್ನು ಹಿರಿಯರು ಕೂಡಿ, ಬಹಳ ಯೋಚನೆ ಮಾಡಿ, ತಾವೇ ತೀರ್ಮಾನ ತೆಗೆದುಕೊಂಡರು ಎಂದು ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ ಬಿಡಿ. ನಮಗೆ ಸಾರು ಬಿಸಿ ಸಿಕ್ಕರೆ ಸಾಕು.

ಉಪದೇಶಿಯೂ ಬದಲಾದರು. ಪ್ರಾರ್ಥನೆ ಮಾತ್ರ ಉದ್ದವೇ ಉಳಿಯಿತು. ಎಲ್ಲವನ್ನೂ ದೇವರು ಒಮ್ಮೆಗೇ ತಿದ್ದುವುದಿಲ್ಲ. ಆದರೆ ಮನೆಯಲ್ಲಿ ಹೆಂಡತಿಗೆ ಎದುರಾಗಿ ಕೂತು ಅವಳ ಜೊತೆಗೇ ಉಣ್ಣತೊಡಗಿದರು. ಅನ್ನ ಮಾಡುವುದನ್ನು ಕಲಿತರು. ನಾಲ್ಕಾರು ಗಡಿಗೆ ಸೀದವು, ಆಮೇಲೆ ಹದ ಬಂತು. ಸುಗುಣನ ಕೈಯಲ್ಲಿ ಬಳೆ ನಿಲ್ಲತೊಡಗಿತು. ಒಂದು ಬೆಳಗ್ಗೆ ಅವಳು ಬಾವಿಕಟ್ಟೆಯಲ್ಲಿ ನನ್ನ ಸರದಿಯ ಮುಂದೆ ಕೊಡ ಇಟ್ಟಳು. ನಾನು ಜಗಳಕ್ಕೆ ನಿಂತೆ. ಅವಳೂ ನಿಂತಳು! ಅತ್ತೆ ದೂರದಿಂದ ನೋಡಿ ಚಪ್ಪಾಳೆ ತಟ್ಟಿದಳು.

ಅದೇ ವರ್ಷ ಮುಂಗಾರಿನ ಮೊದಲ ಮೋಡ ಬರುವ ಹೊತ್ತಿಗೆ ಸುಗುಣನಿಗೆ ನೋವು ಶುರುವಾಯಿತು. ಬೆಳಗಿನ ಜಾವವೇ ಅತ್ತೆಗೆ ಸುದ್ದಿ ಮುಟ್ಟಿತು. ಗಂಗವ್ವ ಒಳಗೆ. ಅತ್ತೆಯನ್ನು ಮಾತ್ರ ಅವಳು ಹೊಸಲು ದಾಟಗೊಡಲಿಲ್ಲ.

“ನೀನು ಒಳಗೆ ಬಂದ್ರೆ ಅವಳ ಜೊತಿಗೆ ನಾನೂ ಹೆರ್ತೀನಿ ಅಂತೀಯ! ಹೊರಗೆ ಕೂತ್ಕ.”

ಅತ್ತೆ ಹೊರಗೆ ಕೂತಳು. ಉಪದೇಶಿ ಅಡುಗೆಮನೆಗೂ ಅಂಗಳಕ್ಕೂ ಸುಮ್ಮನೆ ತಿರುಗುತ್ತಿದ್ದರು. ಹೊತ್ತು ಏರಿತು. ನೆತ್ತಿಗೆ ಬಂತು. ಒಳಗೆ ಸುಗುಣ ಕೂಗುತ್ತಿದ್ದಳು. ಸಪ್ಪಳವಿಲ್ಲದ ಆ ಹುಡುಗಿಗೆ ಅಂಥ ಗಂಟಲು ಎಲ್ಲಿತ್ತೋ! ಕೂಗು ಕೇಳಿದಷ್ಟೂ ಗಂಗವ್ವ, “ಹಂಗೇ ಕೂಗವ್ವ, ಶಕ್ತಿ ಐತೆ ಈ ಸಲ,” ಎನ್ನುತ್ತಿದ್ದಳು. ಆಮೇಲೆ ಕೂಗು ನಿಂತಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಇನ್ನೊಂದು ಕೂಗು ಎದ್ದಿತು ನೋಡಿ, ಸಣ್ಣದು, ಸಿಟ್ಟಿನದು, ಬೀದಿಯ ತುದಿಗೆ ಮುಟ್ಟುವಂಥದು!

“ಹೆಣ್ಣು!” ಎಂದು ಗಂಗವ್ವ ಒಳಗಿಂದ ಕೂಗಿದಳು. “ಇಬ್ರೂ ಗಟ್ಟಿ!”

ಉಪದೇಶಿ ಅಂಗಳದಲ್ಲೇ ಮೊಣಕಾಲೂರಿದರು. ಅವರ ಜೀವನದ ಅತಿ ಸಣ್ಣ ಪ್ರಾರ್ಥನೆ ಅದೇ ಇರಬೇಕು. ಅಪ್ಪಾ ಎಂಬುದೊಂದೇ ಕೇಳಿಸಿತು. ಆಮೇಲೆ ಎದ್ದು ಓಡಿ, ಬಾಣಂತಿಗೆಂದು ತಾವೇ ಮಾಡಿಟ್ಟಿದ್ದ ಬಿಸಿ ಅನ್ನ, ಮೆಣಸಿನ ಸಾರು, ಮೇಲೆ ತುಪ್ಪ ಹಾಕಿ ತಟ್ಟೆ ತಂದು ಒಳಗೆ ಕೊಟ್ಟರು. ಬೀದಿಯ ಹೆಂಗಸರೆಲ್ಲ ಸೇರಿದ್ದೆವು. ನಗು, ಮಾತು, ಗದ್ದಲ.

ಆ ಗದ್ದಲದ ನಡುವೆ ಒಳಗಿಂದ ಸುಗುಣನ ದನಿ ಬಂತು. ದಣಿದ ದನಿ. ಆದರೆ ಸ್ಪಷ್ಟವಾಗಿ.

“ಅತ್ತೆ ಉಂಡ್ರಾ?”

ನಮ್ಮ ಕಡೆ ಇದೇನು ದೊಡ್ಡ ಮಾತಲ್ಲ. ದಾರಿಯಲ್ಲಿ ಎದುರಾದವರನ್ನೆಲ್ಲ ಕೇಳುತ್ತೇವೆ. ಜಗಳವಾಡಿದವರನ್ನೂ ಕೇಳುತ್ತೇವೆ, ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತೇವೆ. ಆಗ ನನಗೆ ಹೊಳೆಯಿತು, ನಮ್ಮತ್ತೆಯನ್ನು ಆ ಮಾತು ಯಾರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಯಾಕೆ ಕೇಳಬೇಕು? ಅವಳದು ಆಗಿಯೇ ಇರುತ್ತದೆ ಎಂದು ಊರಿಗೆಲ್ಲ ಗೊತ್ತು.

ಅಂದು ಆಗಿರಲಿಲ್ಲ. ಬೆಳಗಿನಿಂದ ಅವಳು ಆ ಹೊಸಲ ಮುಂದಿನಿಂದ ಎದ್ದಿರಲಿಲ್ಲ, ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ.

ಅತ್ತೆ ಏನೋ ಹೇಳಲು ಬಾಯಿ ತೆರೆದಳು. ಉಪದೇಶಿಗೆ, ಹಿರಿಯರಿಗೆ, ಶಾನುಭೋಗರಿಗೆ, ಯಾರಿಗೂ ಒಂದು ಕ್ಷಣ ತಡವರಿಸದೆ ಉತ್ತರ ಕೊಟ್ಟ ಬಾಯಿ. ಮಾತು ಹೊರಡಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅವಳ ಬೆನ್ನು ಅಲುಗುತ್ತಿತ್ತು.

“ಇಲ್ಲ ಕಣವ್ವ,” ಎಂದಳು ಕೊನೆಗೆ, ಗೋಡೆಗೆ.

“ಹಂಗಾದ್ರೆ ಒಳಗೆ ಬರ್ರಿ. ನನ್ನ ಅನ್ನ ಬಿಸಿ ಐತೆ. ಇಬ್ರೂ ಉಣ್ಣಾನ.”

ಗಂಗವ್ವ ಬಾಗಿಲು ಬಿಟ್ಟು ಸರಿದು ನಿಂತಳು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆ ಹಿಡಿದು ಎದ್ದು, ತಲೆ ತಗ್ಗಿಸಿ ಒಳಗೆ ಹೋದಳು. ಉಪದೇಶಿ ಇನ್ನೊಂದು ತಟ್ಟೆ ತರಲು ಅಡುಗೆಮನೆಗೆ ಓಡಿದರು.

“ಬ್ಯಾಡ್ರಿ,” ಎಂದಳು ಸುಗುಣ ಒಳಗಿಂದ. “ಇದೊಂದೇ ಸಾಕು.”